ಕೋಲಾಟದ ಮಕ್ಕಳಿಗೆಲ್ಲ ಕೆಮ್ಮು: ಏನು ಮಾಡೋಣ?

ಮನೆ 14: ನಮಸ್ಕಾರ. ಎರಡನೇ ಕ್ರಾಸ್ ಒಂದರಲ್ಲೇ ಈ ವಾರ ಆರು ಮನೆಗಳಲ್ಲಿ ಜ್ವರ, ಕೆಮ್ಮು. ಆರೂ ಮನೆಯ ಮಕ್ಕಳು ರಾಜ್ಯೋತ್ಸವದ ಕೋಲಾಟ ಪ್ರಾಕ್ಟೀಸ್‌ಗೆ ಬರುವವರು. ಹವೆ ಸರಿ ಇಲ್ಲ ಅಂತ ಸುಮ್ನೆ ಕೂರುವುದು ಬೇಡ ಅಲ್ವಾ?

ಮನೆ 31: ಎಚ್‌ಎಂಪಿವಿ ಇರಬೇಕು. ಚೀನಾದ ಹೊಸ ವೈರಸ್. ಫಾರ್ವರ್ಡ್ ಹಾಕಿದ್ದೇನೆ, ನೋಡಿ.

ಮನೆ 7: ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. ಅದು ಹಳೇ ವೈರಸ್. 2001ರಲ್ಲೇ ನೆದರ್‌ಲ್ಯಾಂಡ್ಸ್‌ನಲ್ಲಿ ಪತ್ತೆಯಾಯಿತು, ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಜನರಲ್ಲಿ ಇತ್ತು. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಕಂಡಾಗ ಟೀವಿಯವರು ಎಷ್ಟು ಕೂಗಿದರು! ಆ ಕೂಸುಗಳು ವಿದೇಶಕ್ಕೆ ಹೋಗಿಯೇ ಇರಲಿಲ್ಲ.

ಮನೆ 22: ಯಾವ ಜ್ವರ ಅಂತ ಗುರುತಿಸುವುದು ಹೇಗೆ?

ಮನೆ 7: ಟೆಸ್ಟ್ ಇಲ್ಲದೆ ಖಚಿತವಾಗಿ ಹೇಳಲು ಆಗುವುದಿಲ್ಲ. ಸುಳಿವು ಸಿಗಬಹುದು ಅಷ್ಟೇ. ಫ್ಲೂ ಆದರೆ ಬೆಳಿಗ್ಗೆ ಓಡಾಡಿಕೊಂಡಿದ್ದವರು ಸಂಜೆಗೆ ಕಂಬಳಿ ಹೊದ್ದು ಮಲಗುತ್ತಾರೆ. ಜೋರು ಜ್ವರ, ಚಳಿ, ಮೈಕೈ ನೋವು. ಸಾದಾ ನೆಗಡಿ ಮೆಲ್ಲಗೆ ಶುರುವಾಗುತ್ತದೆ, ಮೂಗು ಸೋರುವುದೇ ಜಾಸ್ತಿ. ಕೋವಿಡ್ ಎರಡರ ಹಾಗೂ ಇರಬಹುದು. ಆರ್‌ಎಸ್‌ವಿ (ಅದೂ ಉಸಿರಾಟದ ವೈರಸ್ಸೇ), ಎಚ್‌ಎಂಪಿವಿ ದೊಡ್ಡವರಿಗೆ ಬರೀ ನೆಗಡಿಯಾಗಿ ಹೋಗಬಹುದು, ಕೂಸಿಗೆ ತಗುಲಿದರೆ ಉಬ್ಬಸ ಹತ್ತಿಸುತ್ತವೆ. ಕೆಮ್ಮು, ನೆಗಡಿ ಏನೂ ಇಲ್ಲದೆ ಜ್ವರ, ಕಣ್ಣಿನ ಹಿಂದೆ ನೋವು ಇದ್ದರೆ ಡೆಂಗಿ ಟೆಸ್ಟ್ ಮಾಡಿಸಿ. ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ನುಂಗಬೇಡಿ.

ಫ್ಲೂಗೆ ಒಸೆಲ್ಟಾಮಿವಿರ್ ಎಂಬ ಔಷಧಿ ಇದೆ. ಕಾಯಿಲೆ ಕಾಣಿಸಿಕೊಂಡ 48 ಗಂಟೆಯೊಳಗೆ ಶುರು ಮಾಡಿದರೆ ಉಪಯೋಗ ಜಾಸ್ತಿ. ವಯಸ್ಸಾದವರು, ಬಸುರಿಯರು, ಸಕ್ಕರೆ ಕಾಯಿಲೆಯವರು ಕಷಾಯ ಕುಡಿದುಕೊಂಡು ನಾಲ್ಕು ದಿನ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಮನೆ 31: ಮೆಡಿಕಲ್ ಶಾಪಿನಿಂದ ಅಜಿತ್ರೋಮೈಸಿನ್ ಆಂಟಿಬಯಾಟಿಕ್ ತಂದಿದ್ದೇನೆ. ನಡೆಯುತ್ತಾ?

ಮನೆ 7: ವೈರಸ್‌ಗೆ ಅದು ನಾಟುವುದಿಲ್ಲ. ಡಾಕ್ಟರ್ ಬರೆದರೆ ಮಾತ್ರ ತಗೊಳ್ಳಿ.

ಮನೆ 22: ಅಕ್ಕಾ, ಮಗನಿಗೆ 10 ತಿಂಗಳು. ಈಗ ಅಂಗಿ ಎತ್ತಿ ನೋಡಿದೆ. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆ.

ಮನೆ 7: ಆಸ್ಪತ್ರೆಗೆ ಹೊರಡಿ. ಈಗಲೇ. ಮೆಸೇಜ್ ಆಮೇಲೆ.

ಮನೆ 7: ಉಳಿದವರಿಗೂ ಹೇಳುತ್ತೇನೆ. ಮಗು ಸುಮ್ಮನಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳಿಂದ 1 ವರ್ಷದೊಳಗಿನ ಕೂಸಿಗೆ 50, 1ರಿಂದ 5 ವರ್ಷದವರಿಗೆ 40 ಮುಟ್ಟಿದರೆ ತೋರಿಸಿ. ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ ಎಣಿಸುತ್ತಲೂ ಕೂರಬೇಡಿ.

ಮನೆ 5: ಸಂಘದ ಕಡೆಯಿಂದ. ನಾಳೆಯಿಂದ ಪ್ರಾಕ್ಟೀಸ್ ಹಾಲ್‌ನೊಳಗೆ ಬೇಡ, ಪಾರ್ಕಿನಲ್ಲಿ. ಮಾತ್ರೆ ಇಲ್ಲದೆ ಜ್ವರ ಬಿಟ್ಟು 24 ಗಂಟೆ ಆಗುವವರೆಗೆ ಮಕ್ಕಳನ್ನು ಕಳಿಸಬೇಡಿ. ಆಮೇಲೂ ಕೆಮ್ಮಿದ್ದರೆ ಮಾಸ್ಕ್ ಹಾಕಿಸಿ. ಫಾಗಿಂಗ್ ಮಾಡಿಸಿ ಎಂದು ಮೂವರು ಫೋನ್ ಮಾಡಿದ್ದರು. ಸ್ವಾಮೀ, ಅದು ಸೊಳ್ಳೆಗೆ.

ಮನೆ 14: ಮಳೆ ಬಂದರೆ ಮತ್ತೆ ಆ ಹಾಲ್‌ನೊಳಗೇ ಹೋಗಬೇಕು. ಈಗ ಹೋಗಿ ನೋಡಿ ಬಂದೆ. ನಾಲ್ಕು ಕಿಟಕಿಯಲ್ಲಿ ಮೂರು ತೆಗೆಯಲು ಬರುವುದಿಲ್ಲ, ಚಿಲಕದ ಮೇಲೆಯೇ ಪೇಂಟ್ ಬಳಿದಿದ್ದಾರೆ. ನಲವತ್ತು ಮಕ್ಕಳು ದಿನಾ ಒಂದೂವರೆ ಗಂಟೆ ಅದರೊಳಗೆ ಕುಣಿದಿದ್ದಾರೆ.

ಮನೆ 40: ಉಳಿ, ಸುತ್ತಿಗೆ ನನ್ನ ಹತ್ತಿರ ಇದೆ. ಶನಿವಾರ ಬೆಳಿಗ್ಗೆ 7ಕ್ಕೆ. ಇನ್ನಿಬ್ಬರು ಬೇಕು.

ಮನೆ 22: ಅಡ್ಮಿಟ್ ಮಾಡಿಕೊಂಡರು. ಆರ್‌ಎಸ್‌ವಿ ಅಂತೆ. ಆಕ್ಸಿಜನ್ ಹಾಕಿದ್ದಾರೆ, ಈಗ ಸ್ವಲ್ಪ ಹಾಲು ಕುಡಿದ. ಮಗಳಿಗೆ ಹೋದ ವಾರ ಬರೀ ನೆಗಡಿ ಇತ್ತು, ಕೋಲಾಟಕ್ಕೆ ಕಳಿಸಿದ್ದೆ.

ಮನೆ 31: ಶನಿವಾರ ನಾನೂ ಬರುತ್ತೇನೆ. ಆ ಫಾರ್ವರ್ಡ್ ತೆಗೆದಿದ್ದೇನೆ.