ಅಪ್‌ಡೇಟ್: ಅಮ್ಮನ ತಲೆನೋವಿಗೆ ಕಾರಣ ಸಿಕ್ಕಿತು
ಅಮ್ಮನಿಗೆ ಇದ್ದಕ್ಕಿದ್ದ ಹಾಗೆ ತಲೆ ಸಿಡಿಯುತ್ತದೆ, ಬೆವರುತ್ತಾಳೆ, ಎದೆ ಢವಢವ ಅನ್ನುತ್ತದೆ, ಎಲ್ಲರೂ ಟೆನ್ಷನ್ ಅಂತಾರೆ ಎಂದು ಮಂಡ್ಯದಿಂದ ಕೇಳಿದ್ದೆ ಅಲ್ವಾ? ಯಾವಾಗ ಬರುತ್ತದೆ ಅಂತ ಬರೆದಿಡಿ ಎಂದು ಒಬ್ಬರು ಹೇಳಿದ್ದಿರಿ. ಆ ಮಾತೇ ದಾರಿ ತೋರಿಸಿತು.

ಹತ್ತು ದಿನ ಬರೆದೆ. ಹೆಚ್ಚಿನ ಸಲ ಮೂತ್ರಕ್ಕೆ ಹೋಗಿ ಬಂದ ಕೂಡಲೇ! ಸಂಕೋಚದಿಂದ ಅಮ್ಮ ಯಾರಿಗೂ ಹೇಳಿರಲಿಲ್ಲ. ಮೈಸೂರಿನ ಡಾಕ್ಟರ್ ಆ ಹಾಳೆ ನೋಡಿ, ಹೋಗುವ ಮೊದಲು, ಬಂದ ಮೇಲೆ ಬಿಪಿ ನೋಡಿಸಿದರು. 140 ಇದ್ದದ್ದು 210. 24 ಗಂಟೆಯ ಮೂತ್ರವನ್ನು ಮೆಟಾನೆಫ್ರಿನ್ (ಅಡ್ರಿನಲಿನ್ ಜಾತಿಯ ಹಾರ್ಮೋನ್ ಒಡೆದಾಗ ಉಂಟಾಗುವ ವಸ್ತು) ಪರೀಕ್ಷೆಗೆ ಕೊಟ್ಟೆವು, ತುಂಬಾ ಜಾಸ್ತಿ ಬಂತು. ಸ್ಕ್ಯಾನ್‌ನಲ್ಲಿ ಮೂತ್ರಕೋಶದ ಗೋಡೆಯಲ್ಲೇ ಸಣ್ಣ ಗಡ್ಡೆ. ಹೆಸರು ಪ್ಯಾರಾಗ್ಯಾಂಗ್ಲಿಯೋಮಾ. ಇದು ಅಡ್ರಿನಲಿನ್ ಜಾತಿಯ ಹಾರ್ಮೋನ್ ಸುರಿಸುತ್ತದೆ. ಮೂತ್ರಕೋಶ ಹಿಂಡಿದಾಗ ಗಡ್ಡೆಯೂ ಅದುಮಿದಂತಾಗಿ ಬಿಪಿ ಏರುತ್ತದೆ.

ಸುಮ್ನೆ ಬಯಾಪ್ಸಿ ಮಾಡುವಂತಿಲ್ಲವಂತೆ. ಮುಟ್ಟಿದರೆ ಬಿಪಿ ಪ್ರಾಣಕ್ಕೇ ಅಪಾಯವಾಗುವಷ್ಟು ಏರಬಹುದು. ಅದಕ್ಕೇ ಮೊದಲು ಎರಡು ವಾರ ಆಲ್ಫಾ ಬ್ಲಾಕರ್ ಮಾತ್ರೆ (ಆ ಹಾರ್ಮೋನ್ ರಕ್ತನಾಳ ಬಿಗಿಯುವುದನ್ನು ತಡೆಯುವ ಔಷಧಿ), ಆಮೇಲೆ ಆಪರೇಷನ್. ವಂಶದಲ್ಲಿ ಬರುವುದೂ ಉಂಟು, ಹಾಗಾಗಿ ಜೀನ್ ಪರೀಕ್ಷೆಗೂ ಕಳಿಸಿದ್ದೇವೆ.

ಮೊನ್ನೆ ನಡುರಾತ್ರಿ ಅಮ್ಮ ಬಾತ್‌ರೂಮಿಗೆ ಹೋಗಿ ಬಂದು, ಏನೂ ಆಗದೆ ಮಲಗಿಬಿಟ್ಟಳು. ನನಗೆ ಅಳು ತಡೆಯಲಾಗಲಿಲ್ಲ.