ನಿಧಿ ಹುಡುಕುವ ಸಿನಿಮಾ, ಅರ್ಧಕ್ಕೇ ಆಕಳಿಕೆ. ಪೂರ್ತಿ ನೋಡಲಾ?

ಮೈಸೂರು ಮ್ಯಾಟಿನಿ:
ನಿನ್ನೆ ರಾತ್ರಿ ‘ದಿ ಟ್ರೆಷರ್ ಆಫ್ ಜಮೈಕಾ ರೀಫ್’ ಹಾಕಿಕೊಂಡು ಕೂತೆ. 70ರ ದಶಕದ್ದು. ಕೆರಿಬಿಯನ್ ಸಮುದ್ರದಲ್ಲಿ ಮುಳುಗಿದ ಸ್ಪೇನಿನ ಹಡಗು, ಅದರ ನಿಧಿಗೆ ಡೈವ್ ಹೊಡೆಯುವ ಗುಂಪು. ‘ಬೆನ್ ಹರ್’ನಲ್ಲಿ ಮೆಸಾಲ ಆಗಿದ್ದ ಸ್ಟೀಫನ್ ಬಾಯ್ಡ್ ಇದ್ದಾನಲ್ಲ ಅಂತ ಆಸೆ. ನೀರಿಗಿಳಿದರೆ ಯಾರು ಯಾರೆಂದೇ ಗೊತ್ತಾಗುವುದಿಲ್ಲ! ಮುಂದೆ ಏನಾದರೂ ಇದೆಯಾ, ಇಲ್ಲಿಗೇ ಬಿಡಲಾ?

ಹಳೇ ಟಾಕೀಸ್:
ಬಿಟ್ಟುಬಿಡಿ ಸಾರ್. 1975ರಲ್ಲಿ ಶಾರ್ಕ್ ಸಿನಿಮಾ ‘ಜಾಸ್’ ದುಡ್ಡು ಬಾಚಿತಲ್ಲ, ಆಮೇಲೆ ಇದಕ್ಕೆ ‘ಈವಿಲ್ ಇನ್ ದಿ ಡೀಪ್’ ಅಂತ ಹೊಸ ಹೆಸರಿಟ್ಟು ಮತ್ತೆ ಬಿಟ್ಟರು. ಸರಕು ಅದೇ.

ನೇತ್ರಾಣಿ ಡೈವರ್:
ನಾನು ಮುರುಡೇಶ್ವರದವನು. ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಪ್ರವಾಸಿಗಳಿಗೆ ಡೈವ್ ಮಾಡಿಸುತ್ತೇನೆ. ನೀರಲ್ಲಿ ಯಾರು ಯಾರೆಂದು ಗೊತ್ತಾಗದಿರುವುದು ನನಗೆ ದೊಡ್ಡ ವಿಷಯವಲ್ಲ. ಮುಖಕ್ಕೆ ಮಾಸ್ಕ್, ಬಾಯಲ್ಲಿ ಉಸಿರಾಡುವ ರೆಗ್ಯುಲೇಟರ್. ಪಾಪ, ನಟರು ತಾನೇ ಏನು ಮಾಡುತ್ತಾರೆ?

ನನ್ನ ತಕರಾರು ಬೇರೆ. ಇಂಥ ಸಿನಿಮಾಗಳಲ್ಲಿ ಹುಡುಕುವ ಕೆಲಸವೇ ಕಾಣುವುದಿಲ್ಲ. ಬೆಚ್ಚಗಿನ ಸಮುದ್ರದಲ್ಲಿ ಮರವನ್ನು ಹುಳು ತಿಂದು ಮುಗಿಸುತ್ತದೆ. ಮುನ್ನೂರು ವರ್ಷದ ಮೇಲೆ ಹೆಚ್ಚಾಗಿ ಸಿಗುವುದು ಫಿರಂಗಿ, ಲಂಗರು, ಹಡಗಿನ ತಳಕ್ಕೆ ಭಾರಕ್ಕೆಂದು ತುಂಬಿದ ಕಲ್ಲು. ಚಿನ್ನ ಹೊಳೆಯುತ್ತದೆ, ಸರಿ. ಬೆಳ್ಳಿ ನಾಣ್ಯ ಕಪ್ಪಾಗಿ ಉಂಡೆ ಕಟ್ಟಿರುತ್ತದೆ. ಕಲ್ಲು ಅಂದುಕೊಂಡು ದಾಟಿ ಹೋದರೂ ಹೋದಿರಿ.

ಅಮೆರಿಕದ ಮೆಲ್ ಫಿಶರ್ ಕಥೆ ಓದಿ. 1622ರಲ್ಲಿ ಫ್ಲೋರಿಡಾ ಹತ್ತಿರ ಮುಳುಗಿದ, ನಿಧಿ ತುಂಬಿದ್ದ ಸ್ಪೇನಿನ ‘ಅಟೋಚಾ’ ಹಡಗಿನ ಹಿಂದೆ ಬಿದ್ದವನು. ಬೋಟಿನ ಪ್ರೊಪೆಲ್ಲರ್ ಹಿಂದೆ ದೊಡ್ಡ ಕೊಳವೆ ಇಳಿಬಿಟ್ಟು, ನೀರನ್ನು ಕೆಳಕ್ಕೆ ನೂಕಿ ಮರಳು ಸರಿಸುತ್ತಿದ್ದರು. ಹಾಗೆ ಗುಂಡಿ ಮಾಡಿ ನೋಡುವುದು, ಏನೂ ಇಲ್ಲ, ಇನ್ನೊಂದು ಗುಂಡಿ. ವರ್ಷಗಟ್ಟಲೆ ಇದೇ. 1975ರ ಜುಲೈನಲ್ಲಿ ಮಗ ಡರ್ಕ್‌ಗೆ ಆ ಹಡಗಿನ ಫಿರಂಗಿಗಳು ಸಿಕ್ಕವು. ಕೆಲವೇ ದಿನಕ್ಕೆ ಬೋಟು ಮಗುಚಿ ಅವನೂ ಹೋದ, ಹೆಂಡತಿಯೂ ಹೋದಳು, ಜೊತೆಗೆ ಇನ್ನೊಬ್ಬ ಡೈವರ್. ಅಪ್ಪ ನಿಲ್ಲಿಸಲಿಲ್ಲ. ‘ಇವತ್ತೇ ಆ ದಿನ’ ಅಂತ ಹೇಳಿಕೊಂಡೇ ಇದ್ದ. ನಿಧಿಯ ಮುಖ್ಯ ರಾಶಿ ಸಿಕ್ಕಿದ್ದು 1985ರ ಜುಲೈ 20ರಂದು. ಮಗ ತೀರಿಕೊಂಡು ಸರಿಯಾಗಿ ಹತ್ತು ವರ್ಷ, ಅದೇ ತಾರೀಖು! ಸಿನಿಮಾದವರು ಹೀಗೆ ಬರೆದಿದ್ದರೆ ಜಾಸ್ತಿ ಆಯ್ತು ಅನ್ನುತ್ತಿದ್ದೆವು, ಅಲ್ವಾ?

ಮೈಸೂರು ಮ್ಯಾಟಿನಿ:
ಸರಿ, ಸಿನಿಮಾ ಬಿಟ್ಟೆ. ಅಂದ ಹಾಗೆ, ನೇತ್ರಾಣಿಯಲ್ಲಿ ನಿಮಗೇನಾದರೂ ಸಿಕ್ಕಿದೆಯಾ?

ನೇತ್ರಾಣಿ ಡೈವರ್:
ಓ, ಸಿಕ್ಕಿದೆ. ಕೂಲಿಂಗ್ ಗ್ಲಾಸು, ಈಜಲು ಕಾಲಿಗೆ ಹಾಕುವ ಒಂಟಿ ಫಿನ್ನು. ಬರುವುದಿದ್ದರೆ ಮಳೆಗಾಲ ಮುಗಿದ ಮೇಲೆ ಬನ್ನಿ, ಈಗ ಡೈವಿಂಗ್ ಬಂದ್.