ಡೇಟಾಬೇಸ್ ಬಿಲ್ 12 ಸಾವಿರದಿಂದ 34 ಸಾವಿರಕ್ಕೆ ಏರಿದೆ, ಏನು ಮಾಡಲಿ?

ಪ್ರಶ್ನೆ (ದಾವಣಗೆರೆಯ ಸದಸ್ಯರು):

ಮೇಡಂ, ನಮಸ್ಕಾರ. ನಾನು, ನನ್ನ ಸ್ನೇಹಿತ ಇಬ್ಬರೇ ಸೇರಿ ಖಾಸಗಿ ಶಾಲೆಗಳ ಫೀಸ್ ಲೆಕ್ಕದ ಸಾಫ್ಟ್‌ವೇರ್ ನಡೆಸುತ್ತಿದ್ದೇವೆ. 11 ಶಾಲೆಗಳು ಬಳಸುತ್ತಿವೆ. ಡೇಟಾಬೇಸ್ ಒಂದು ಕ್ಲೌಡ್ ಕಂಪನಿಯಲ್ಲಿದೆ. ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್, ಆವೃತ್ತಿ 5.7. ಮಷೀನಿಗೆ ಎರಡು ಪ್ರೊಸೆಸರ್ ಕೋರ್, 8 ಜಿಬಿ ಮೆಮೊರಿ. ಮೊದಲು ಜಿಎಸ್‌ಟಿ ಸೇರಿ ತಿಂಗಳಿಗೆ ಸುಮಾರು 12 ಸಾವಿರ ರೂಪಾಯಿ ಬರುತ್ತಿತ್ತು. ಈಗ 34 ಸಾವಿರ ಬರುತ್ತಿದೆ. ಶಾಲೆಗಳು ಹೆಚ್ಚಿಲ್ಲ, ಮಕ್ಕಳೂ ಹೆಚ್ಚಿಲ್ಲ. ಬಿಲ್ಲಿನಲ್ಲಿ ಏನೇನೋ ಸಾಲುಗಳಿವೆ, ಅರ್ಥವೇ ಆಗುವುದಿಲ್ಲ. ಹೀಗೇ ಆದರೆ ನಮಗೆ ಉಳಿಯುವುದೇ ಇಲ್ಲ. ಕ್ಲೌಡ್ ಬಿಟ್ಟುಬಿಡೋಣವೇ?

ಉತ್ತರ (ಡೇಟಾಬೇಸ್ ಅಡ್ಮಿನ್, ಬೆಂಗಳೂರು):

ಸರ್, ಬಿಡುವ ಮಾತು ಆಮೇಲೆ. ಮೊದಲು ಬಿಲ್ ತೆರೆದು ಒಂದೊಂದೇ ಸಾಲು ಓದಿ. ಬೆಸ್ಕಾಂ ಬಿಲ್ಲಿನಲ್ಲಿ ನಿಗದಿತ ಶುಲ್ಕ ಬೇರೆ, ಯೂನಿಟ್ ಬೇರೆ ಇರುತ್ತದೆ ಅಲ್ವಾ? ಇಲ್ಲೂ ಹಾಗೆಯೇ. ಮಷೀನ್ ಬಾಡಿಗೆ, ಡಿಸ್ಕ್, ಬ್ಯಾಕಪ್, ಹೊರಗೆ ಹೋಗುವ ಡೇಟಾ ಎಲ್ಲಕ್ಕೂ ಬೇರೆ ಬೇರೆ ಸಾಲು. ಗುಂಪಿನಲ್ಲಿ ಎಲ್ಲರೂ "ಕ್ಲೌಡ್ ದುಬಾರಿ" ಅನ್ನುತ್ತಾರೆ. ನಾನು ನೋಡಿದ ಮಟ್ಟಿಗೆ ಜನರಿಗೆ ಸಿಟ್ಟು ಬರುವುದು ಬೆಲೆಗಲ್ಲ. ಮುಂದಿನ ತಿಂಗಳು ಎಷ್ಟು ಬರುತ್ತದೆ ಅಂತ ಹೇಳಲು ಆಗುವುದಿಲ್ಲವಲ್ಲ, ಅದಕ್ಕೆ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು 5.7 ಅನ್ನುವ ಅಂಕಿ. ಮೈಎಸ್‌ಕ್ಯೂಎಲ್ ತಯಾರಿಸುವ ಒರಾಕಲ್ ಕಂಪನಿ ಆ ಆವೃತ್ತಿಗೆ ಬೆಂಬಲ ನಿಲ್ಲಿಸಿದ್ದು 2023ರ ಅಕ್ಟೋಬರ್‌ನಲ್ಲಿ. ಅದಾದ ಮೇಲೂ ಹಳೆಯದರಲ್ಲೇ ಉಳಿದವರಿಗೆ ಕ್ಲೌಡ್ ಕಂಪನಿಗಳು "ವಿಸ್ತರಿತ ಬೆಂಬಲ" ಅಂತ ಬೇರೆ ಶುಲ್ಕ ಹಾಕುತ್ತವೆ. ಅಮೆಜಾನ್‌ನಲ್ಲಿ ಇದೆ, ಗೂಗಲ್‌ನಲ್ಲೂ ಇದೆ. ನಿಮ್ಮ ಕಂಪನಿ ಯಾವುದು ಅಂತ ನನಗೆ ಬೇಡ. ಲೆಕ್ಕ ತಿಳಿಯಲು ಅಮೆಜಾನ್‌ನ ಡೇಟಾಬೇಸ್ ಸೇವೆಯಾದ ಆರ್‌ಡಿಎಸ್‌ಗೆ ಅಮೆರಿಕದ ವರ್ಜೀನಿಯಾ ಕೇಂದ್ರದಲ್ಲಿರುವ ದರ ತೆಗೆದುಕೊಳ್ಳೋಣ. ಮುಂಬೈ ದರ ಬೇರೆ, ಆದರೆ ಲೆಕ್ಕದ ರೀತಿ ಒಂದೇ.

ಅಲ್ಲಿ 5.7ಕ್ಕೆ ಈ ಶುಲ್ಕ ಶುರುವಾಗಿದ್ದು 2024ರ ಮಾರ್ಚ್ 1ರಿಂದ. ಮೊದಲ ಎರಡು ವರ್ಷ ಒಂದು ಕೋರ್‌ಗೆ ಗಂಟೆಗೆ 10 ಸೆಂಟ್. ಕೇಳಲು ಏನೂ ಅಲ್ಲ. ಆದರೆ ತಿಂಗಳಿಗೆ 730 ಗಂಟೆ, ನಿಮ್ಮದು ಎರಡು ಕೋರ್. ಗುಣಿಸಿದರೆ 146 ಡಾಲರ್. ಡಾಲರಿಗೆ 85 ರೂಪಾಯಿ ಅಂತ ಹಿಡಿದರೂ 12,400 ರೂಪಾಯಿ ದಾಟುತ್ತದೆ, ಮೇಲೆ 18% ಜಿಎಸ್‌ಟಿ. ಮೂರನೇ ವರ್ಷದಿಂದ, ಅಂದರೆ 2026ರ ಮಾರ್ಚ್‌ನಿಂದ, ದರ ಎರಡರಷ್ಟು.

ಇನ್ನೊಂದು ಮಾತು. ಟೆಸ್ಟ್ ಮಾಡಲು ಅಂತ ಇನ್ನೊಂದು ಡೇಟಾಬೇಸ್ ಇಟ್ಟುಕೊಂಡಿದ್ದೀರಾ? ಅದೂ 5.7 ಆಗಿದ್ದರೆ ಅದಕ್ಕೂ ಈ ಶುಲ್ಕ ಬೀಳುತ್ತದೆ. ಆರ್‌ಡಿಎಸ್‌ನಲ್ಲಿ ಟಿ3 ಮೈಕ್ರೋ ಅನ್ನುವ ಸಣ್ಣ ಮಷೀನಿನ ಬಾಡಿಗೆ ಅದೇ ವರ್ಜೀನಿಯಾ ದರದಲ್ಲಿ ತಿಂಗಳಿಗೆ 12 ಡಾಲರ್ ಚಿಲ್ಲರೆ. ಆದರೆ ಅದರಲ್ಲೂ ಎರಡು ಕೋರ್ ಲೆಕ್ಕ. ಅಂದರೆ ಮೊದಲ ಎರಡು ವರ್ಷದ ದರದಲ್ಲೇ 12 ಡಾಲರಿನ ಮಷೀನಿಗೆ 146 ಡಾಲರಿನ ಹಳೇ ಆವೃತ್ತಿ ಶುಲ್ಕ! ನಿಮ್ಮ ಬಿಲ್ಲಿನಲ್ಲಿ ಇಂಥದ್ದೇನಾದರೂ ಇದೆಯಾ ನೋಡಿ ಹೇಳಿ.

ದಾವಣಗೆರೆಯ ಸದಸ್ಯರು:

ಮೇಡಂ, ಇದೆ. ಆ ಸಾಲು ಎರಡು ಸಲ ಇದೆ. ಟೆಸ್ಟ್ ಡೇಟಾಬೇಸ್ ವಿಷಯ ನನ್ನ ಸ್ನೇಹಿತನಿಗೆ ಗೊತ್ತಿತ್ತು, ಅವನು ಅದನ್ನು ನಿಲ್ಲಿಸಿದ್ದೇನೆ ಅಂತಲೇ ಅಂದುಕೊಂಡಿದ್ದ. ಈಗ ನೋಡಿದರೆ ಓಡುತ್ತಲೇ ಇದೆ.

ಉತ್ತರ:

ನಿಮ್ಮ ಸ್ನೇಹಿತರ ತಪ್ಪು ಅನ್ನಬೇಡಿ, ಇದು ಬಹಳ ಜನರಿಗೆ ಆಗುತ್ತದೆ. ಆರ್‌ಡಿಎಸ್‌ನಲ್ಲಿ ನಿಲ್ಲಿಸಿದ ಡೇಟಾಬೇಸ್ ಏಳು ದಿನ ಆದ ಮೇಲೆ ತಾನೇ ಶುರುವಾಗುತ್ತದೆ. ಅದು ನಿಂತಿದ್ದಾಗಲೂ ಡಿಸ್ಕಿನ ಬಾಡಿಗೆ ತಪ್ಪುವುದಿಲ್ಲ. ಟೆಸ್ಟ್ ಡೇಟಾಬೇಸ್ ದಿನಾ ಬೇಕಿಲ್ಲ ಅಂದರೆ ಒಂದು ಡಂಪ್ (ಪೂರ್ತಿ ಡೇಟಾ ಇರುವ ಫೈಲ್) ತೆಗೆದಿಟ್ಟು ಅಳಿಸಿಬಿಡಿ. ಬೇಕಾದಾಗ ಲ್ಯಾಪ್‌ಟಾಪಿನಲ್ಲೇ ಎಬ್ಬಿಸಿಕೊಳ್ಳಿ. ಆದರೆ ಮಕ್ಕಳ ಹೆಸರು, ಪೋಷಕರ ಫೋನ್ ನಂಬರ್ ಅಳಿಸಿಯೇ ಲ್ಯಾಪ್‌ಟಾಪಿಗೆ ಇಳಿಸಿ. ಬೇರೆಯವರ ಮಕ್ಕಳ ಮಾಹಿತಿ ಅದು.

ಮೈಸೂರಿನ ಸದಸ್ಯರು:

ನಡುವೆ ಬಾಯಿ ಹಾಕುತ್ತಿದ್ದೇನೆ. ಈ ತಲೆನೋವೇ ಬೇಡ ಅಂತ ನಾನು ಎರಡು ವರ್ಷದ ಹಿಂದೆ ಒಂದು ಸಾದಾ ವರ್ಚುವಲ್ ಸರ್ವರ್ ಬಾಡಿಗೆಗೆ ತೆಗೆದುಕೊಂಡು ಪೋಸ್ಟ್‌ಗ್ರೆಸ್ ಅನ್ನುವ ಉಚಿತ ಡೇಟಾಬೇಸ್ ಸಾಫ್ಟ್‌ವೇರ್ ಹಾಕಿಕೊಂಡೆ. ತಿಂಗಳಿಗೆ 1,500 ರೂಪಾಯಿ, ಒಂದು ಪೈಸೆ ಹೆಚ್ಚಿಲ್ಲ. ಎಲ್ಲರೂ ಹೀಗೇ ಮಾಡಬಹುದಲ್ಲ? ದೊಡ್ಡ ಕಂಪನಿಗಳೂ ಕ್ಲೌಡ್ ಬಿಡುತ್ತಿವೆ ಅಂತ ಓದಿದ್ದೇನೆ.

ಕಲಬುರಗಿಯ ಸದಸ್ಯರು:

ನನ್ನ ಅನುಭವ ಬೇರೆ. ನಮ್ಮದು ಔಷಧಿ ಅಂಗಡಿಗಳ ಸ್ಟಾಕ್ ಸಾಫ್ಟ್‌ವೇರ್. ಒಂದು ದಿನ ಮಧ್ಯಾಹ್ನ ನಮ್ಮ ಹುಡುಗ ಡಿಲೀಟ್ ಆಜ್ಞೆಯಲ್ಲಿ ಷರತ್ತು ಬರೆಯಲು ಮರೆತ. ಇಡೀ ಟೇಬಲ್ ಖಾಲಿ. ಕೈಕಾಲೇ ಆಡಲಿಲ್ಲ. ಆಮೇಲೆ ಕ್ಲೌಡ್‌ನಲ್ಲಿ ಹತ್ತು ನಿಮಿಷ ಹಿಂದಿನ ಸ್ಥಿತಿಗೆ ಹೊಸ ಪ್ರತಿ ಎಬ್ಬಿಸಿ, ಆ ಟೇಬಲ್ ಮಾತ್ರ ತಂದು ಹಾಕಿದೆವು. ಸಂಜೆ ಅಂಗಡಿಗಳು ಎಂದಿನಂತೆ ಬಿಲ್ ಮಾಡಿದವು. ಆವತ್ತಿನಿಂದ ತಿಂಗಳ ಬಿಲ್ ಕಟ್ಟುವಾಗ ನಾನು ಗೊಣಗುವುದಿಲ್ಲ.

ಉತ್ತರ:

ಇಬ್ಬರದ್ದೂ ನಿಜ. ಮೈಸೂರಿನ ಸರ್, ನಿಮಗೆ ಒಂದೇ ಪ್ರಶ್ನೆ. ನಿಮ್ಮ ಬ್ಯಾಕಪ್ಪನ್ನು ಬೇರೆ ಮಷೀನಿಗೆ ಹಾಕಿ ಎಬ್ಬಿಸಿ ನೋಡಿದ್ದು ಯಾವಾಗ? ಹೋದ ತಿಂಗಳು ಅಂದರೆ ನೀವು ಆರಾಮಾಗಿ ಮುಂದುವರಿಯಿರಿ. ಇಲ್ಲ ಅಂದರೆ ಈ ವಾರವೇ ಮಾಡಿ, ದಯವಿಟ್ಟು. ಆ ಬ್ಯಾಕಪ್ ಅದೇ ಸರ್ವರಿನಲ್ಲಿ ಇದ್ದರೆ ಮೊದಲು ಬೇರೆ ಕಡೆ ಕಳಿಸಿ.

ಕ್ಲೌಡ್ ಬಿಟ್ಟವರ ಪೈಕಿ ಹೆಚ್ಚು ಮಾತಾಗಿದ್ದು 37ಸಿಗ್ನಲ್ಸ್ ಅನ್ನುವ ಅಮೆರಿಕದ ಸಾಫ್ಟ್‌ವೇರ್ ಕಂಪನಿ. 2022ರಲ್ಲಿ ಬಿಡುತ್ತೇವೆ ಅಂತ ಹೇಳಿ, ಆಮೇಲೆ ಸ್ವಂತ ಸರ್ವರ್ ಕೊಂಡು ಹೊರಬಂದರು. ಅವರಿಗೆ ಸರ್ವರ್ ನೋಡಿಕೊಳ್ಳಲು ನುರಿತ ತಂಡ ಇತ್ತು. ದಾವಣಗೆರೆಯವರು ಇಬ್ಬರೇ. ಜೂನ್‌ನಲ್ಲಿ ಶಾಲೆ ಶುರುವಾಗಿ ಫೀಸ್ ಕಟ್ಟಲು ಸಾಲು ನಿಂತಾಗ ಡಿಸ್ಕ್ ಕೆಟ್ಟರೆ ರಾತ್ರಿ ಎರಡು ಗಂಟೆಗೆ ಯಾರು ಏಳಬೇಕು? ಆ ಕೆಲಸಕ್ಕೆ ಕೊಡುವ ದುಡ್ಡು ನನ್ನ ಲೆಕ್ಕದಲ್ಲಿ ವ್ಯರ್ಥ ಅಲ್ಲ. ಹಳೇ ಆವೃತ್ತಿಗೆ, ಮರೆತ ಮಷೀನಿಗೆ ಕೊಡುವ ದುಡ್ಡು ಮಾತ್ರ ಪೂರ್ತಿ ವ್ಯರ್ಥ. ಅದನ್ನು ನಿಲ್ಲಿಸಿ, ಆಮೇಲೆ ಉಳಿದ ಬಿಲ್ ನೋಡಿ ನಿರ್ಧಾರ ಮಾಡಿ.

ಒಬ್ಬ ವಿದ್ಯಾರ್ಥಿನಿ:

ಮೇಡಂ, ನನ್ನ ಕೊನೇ ವರ್ಷದ ಪ್ರಾಜೆಕ್ಟಿಗೆ ಉಚಿತ ಡೇಟಾಬೇಸ್ ಸಾಕಲ್ಲವಾ?

ಉತ್ತರ:

ಸಾಕು ಮಗಳೇ. ಸುಪಾಬೇಸ್ ಅನ್ನುವ ಕ್ಲೌಡ್ ಡೇಟಾಬೇಸ್ ಸೇವೆಯ ಉಚಿತ ಯೋಜನೆಯಲ್ಲಿ 500 ಎಂಬಿ ಸಿಗುತ್ತದೆ, ಆದರೆ ಒಂದು ವಾರ ಬಳಸದಿದ್ದರೆ ಅದು ನಿಂತುಹೋಗುತ್ತದೆ. ವೈವಾ ಹಿಂದಿನ ದಿನವೇ ತೆರೆದು ನೋಡಿಕೋ. ಉಚಿತ ಅನ್ನುವುದು ಕಾಯಂ ಅಲ್ಲ ಅನ್ನುವುದೂ ನೆನಪಿರಲಿ. ಅಂಥದ್ದೇ ಇನ್ನೊಂದು ಸೇವೆ ಪ್ಲಾನೆಟ್‌ಸ್ಕೇಲ್ ತನ್ನ ಉಚಿತ ಯೋಜನೆಯನ್ನು 2024ರ ಏಪ್ರಿಲ್‌ನಲ್ಲಿ ತೆಗೆದುಹಾಕಿತು. ವಾರಕ್ಕೊಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ. ಕಾರ್ಡ್ ನಂಬರ್ ಕೊಡುವ ಕಡೆ ಬಜೆಟ್ ಅಲರ್ಟ್ ಹಾಕು. ಅಲರ್ಟ್ ಬರೀ ಮೇಲ್ ಕಳಿಸುತ್ತದೆ, ತಾನಾಗಿ ಖರ್ಚು ನಿಲ್ಲಿಸುವುದಿಲ್ಲ. ಮೇಲ್ ಬಂದ ದಿನವೇ ಹೋಗಿ ನೋಡಬೇಕು.

ದಾವಣಗೆರೆಯ ಸದಸ್ಯರು (ನಾಲ್ಕು ದಿನದ ನಂತರ):

ಟೆಸ್ಟ್ ಡೇಟಾಬೇಸ್ ಅಳಿಸಿದೆವು ಮೇಡಂ. ಅದಕ್ಕೂ ಮೊದಲು ಅದರ ಮೇಲೆಯೇ 8.0ಕ್ಕೆ ಅಪ್‌ಗ್ರೇಡ್ ಮಾಡಿ ನೋಡಿದೆವು. ಶಾಲೆಯ ತಂಡಗಳ ಪುಟ ಮಾತ್ರ ತೆರೆಯುತ್ತಿಲ್ಲ, ಬೇರೆ ಎಲ್ಲಾ ಸರಿ ಇದೆ. ಆ ಟೇಬಲ್ ಹೆಸರು "ಗ್ರೂಪ್ಸ್". ಇನ್ನೊಂದು ವಿಷಯ. ಒಂದು ವರ್ಷಕ್ಕೆ ಮೊದಲೇ ಮಾತು ಕೊಟ್ಟರೆ ರಿಯಾಯಿತಿ ಅಂತ ತೋರಿಸುತ್ತಿದೆ, ತೆಗೆದುಕೊಳ್ಳಲಾ?

ಉತ್ತರ:

ಒಳ್ಳೇ ಕೆಲಸ ಮಾಡಿದ್ದೀರಿ. "ಗ್ರೂಪ್ಸ್" ಅನ್ನುವುದು 8.0ರಲ್ಲಿ ಮೈಎಸ್‌ಕ್ಯೂಎಲ್ ತನಗೇ ಕಾದಿಟ್ಟುಕೊಂಡ ಪದ. "ರ‍್ಯಾಂಕ್" ಕೂಡ ಅಷ್ಟೇ. ಅದನ್ನು ಹಾಗೇ ಟೇಬಲ್ ಹೆಸರಾಗಿ ಬರೆದರೆ ಅದು ಒಪ್ಪುವುದಿಲ್ಲ. ಕ್ವೆರಿಯಲ್ಲಿ, ಅಂದರೆ ಡೇಟಾಬೇಸ್‌ಗೆ ಕೊಡುವ ಆಜ್ಞೆಯಲ್ಲಿ, ಆ ಹೆಸರಿನ ಎರಡೂ ಬದಿಗೆ ಬ್ಯಾಕ್‌ಟಿಕ್ (`) ಹಾಕಿ, ಇಲ್ಲವೇ ಟೇಬಲ್ ಹೆಸರು ಬದಲಿಸಿ. ಇಂಥವು ಇನ್ನೂ ಇವೆಯಾ ಅಂತ ತಿಳಿಯಲು ಮೈಎಸ್‌ಕ್ಯೂಎಲ್ ಶೆಲ್‌ನಲ್ಲಿ ಅಪ್‌ಗ್ರೇಡ್ ಚೆಕರ್ ಇದೆ, ಓಡಿಸಿ. ಮತ್ತೆ 8.0ರಲ್ಲೇ ನಿಲ್ಲಬೇಡಿ. ಅದಕ್ಕೂ ಒರಾಕಲ್ ಇಟ್ಟಿರುವ ಗಡುವು 2026ರ ಏಪ್ರಿಲ್. ಅಲ್ಲಿಂದ 8.4ಕ್ಕೆ ಹೋಗಿ. 5.7ರಿಂದ ನೇರ 8.4ಕ್ಕೆ ಹಾರಲು ಆಗುವುದಿಲ್ಲ, 8.0 ಮೆಟ್ಟಿಲು ಹತ್ತಲೇಬೇಕು.

ರಿಯಾಯಿತಿ ಈಗ ಬೇಡ. ಅಪ್‌ಗ್ರೇಡ್ ಮುಗಿದು ಒಂದು ಪೂರ್ತಿ ತಿಂಗಳು ಹೋಗಲಿ. ಸಿಪಿಯು, ಮೆಮೊರಿ ಎಷ್ಟು ಬಳಕೆ ಆಗುತ್ತಿದೆ ನೋಡಿ. 11 ಶಾಲೆಗೆ 4 ಜಿಬಿ ಮೆಮೊರಿಯೇ ಸಾಕಾಗಬಹುದು ಅಂತ ನನ್ನ ಊಹೆ. ಈಗಲೇ 8 ಜಿಬಿಗೆ ಮಾತು ಕೊಟ್ಟರೆ ಒಂದು ವರ್ಷ ಅದಕ್ಕೇ ಕಟ್ಟಬೇಕು.

ದಾವಣಗೆರೆಯ ಸದಸ್ಯರು:

ಆಗಲಿ ಮೇಡಂ. ಈ ಭಾನುವಾರ ಶಾಲೆಗಳಿಗೆ ಮೊದಲೇ ಹೇಳಿ, ಬ್ಯಾಕಪ್ ತೆಗೆದು, ಬೆಳಿಗ್ಗೆ ಆರಕ್ಕೆ ಶುರು ಮಾಡುತ್ತೇವೆ. ಮುಂದಿನ ಬಿಲ್ ಬಂದ ತಕ್ಷಣ ಇಲ್ಲೇ ಹಾಕುತ್ತೇನೆ.